ಎಲ್ಲೆಲ್ಲೂ ಸಿಗುವವನು

ಗಿರಿಗೆ ದೇವರು ಎಲ್ಲವನ್ನೂ ಸರಿಯಾಗಿಯೇ ಕೊಟ್ಟಿದ್ದ. ಬಲಗಾಲಿನ ವಿಷಯದಲ್ಲಿ ಮಾತ್ರ ಸ್ವಲ್ಪ ಕೈತಪ್ಪಿತ್ತು. ಎಲ್ಲಾದರೂ ಕೂತರೆ ಸಾಕು, ಆ ಕಾಲು ಯಾರ ಅಪ್ಪಣೆಗೂ ಕಾಯದೆ ಕುಣಿಯತೊಡಗುತ್ತಿತ್ತು. ಖುಷಿಯಾದರೆ ಜೋರಾಗಿ, ಹೆದರಿಕೆಯಾದರೆ ಇನ್ನೂ ಜೋರಾಗಿ. ಶಾಲೆಯಲ್ಲಿ ಅವನು ಕೂತ ಬೆಂಚಿನಲ್ಲಿ ಬೇರೆಯವರು ಕಾಪಿ ಬರೆಯುವಂತಿರಲಿಲ್ಲ, ಅಕ್ಷರವೆಲ್ಲ ನೀರಲ್ಲಿ ಬರೆದ ಹಾಗೆ ಬರುತ್ತಿತ್ತು. ಹಿಂಭಾಗ ಕುಣಿಸುತ್ತ ಓಡಾಡುವ ಹಕ್ಕಿಗೆ ನಮ್ಮ ಕಡೆ ಕುಂಡೆಕುಸ್ಕ ಅನ್ನುತ್ತಾರೆ. ಹುಡುಗರು ಆ ಹೆಸರನ್ನು ಎತ್ತಿ ಗಿರಿಗೆ ಇಟ್ಟಿದ್ದರು. ಅವನು ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ಸೇರಿದ ಮೇಲೆ ಹೆಸರು ಬಿಟ್ಟುಹೋಯಿತು, ಕಾಲು ಬಿಡಲಿಲ್ಲ.

"ಕಾಲು ಅಲ್ಲಾಡಿಸಿದ್ರೆ ಮನೆಗೆ ದರಿದ್ರ ಬರ್ತದೆ" ಎಂದು ತಾಯಿ ಕೃಷ್ಣಮ್ಮ ಕೈಯಲ್ಲಿ ಏನಿರುತ್ತದೋ ಅದರಿಂದಲೇ ಅವನ ಮೊಣಕಾಲಿಗೆ ಒಂದು ತಟ್ಟುತ್ತಿದ್ದಳು. ಸೌಟಾದರೆ ಸೌಟು, ಪೊರಕೆಯಾದರೆ ಪೊರಕೆ. ದರಿದ್ರ ಬಂದಿತ್ತೋ ಇಲ್ಲವೋ, ಸೊಸೆಯಂತೂ ಬಂದಿರಲಿಲ್ಲ. ಈಗಾಗಲೇ ಎರಡು ಕಡೆ ಮಾತುಕತೆಯಾಗಿ, ಎರಡೂ ಕಡೆಯವರು ಹೊರಡುವಾಗ "ತಿಳಿಸ್ತೀವಿ" ಎಂದು ಹೇಳಿ ಹೋಗಿದ್ದರು. ಮದುವೆ ವಿಷಯದಲ್ಲಿ ತಿಳಿಸ್ತೀವಿ ಅಂದರೆ ತಿಳಿಸುವುದಿಲ್ಲ ಎಂದರ್ಥ. ಇಷ್ಟವಾದವರು ಅಲ್ಲೇ ಕೂತು ಇನ್ನೊಂದು ಲೋಟ ಕಾಫಿ ಕೇಳುತ್ತಾರೆ.

ಆ ಎರಡು ಸಲ ಗಿರಿಗೆ ಅಂಥ ಬೇಜಾರೇನೂ ಆಗಿರಲಿಲ್ಲ. ಈ ಸಲದ್ದು ಬೇರೆ. ಈ ಸಲ ಹುಡುಗಿ ಮೂಡಿಗೆರೆಯ ರಂಜಿತಾ.

ರಂಜಿತಾ ಕಾಲೇಜೊಂದರಲ್ಲಿ ಲ್ಯಾಬ್ ಅಸಿಸ್ಟೆಂಟ್. ಅವಳ ತಂದೆ ಜಯಪ್ರಕಾಶ್ ಬಸ್ ಸ್ಟ್ಯಾಂಡಿನ ಪಕ್ಕ ಟೈಲರ್ ಅಂಗಡಿ ಇಟ್ಟಿದ್ದವರು. ಹೆಣ್ಣು ನೋಡಲು ಹೋದ ದಿನ ಎಲ್ಲರೂ ಉಪ್ಪಿಟ್ಟು ತಿನ್ನುತ್ತ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಅವಳೇ ಬಾಯಿಬಿಟ್ಟು ಕೇಳಿದ್ದಳು: "ನಿಮ್ಮ ಮನೆ ಹೇಮಾವತಿ ದಂಡೆ ಮೇಲಂತೆ. ದಂಡೇಲಿ ಬಂಡೆ ಇದ್ಯಾ, ಬರೀ ಕೆಸರಾ?"

ಗಿರಿ ಇದನ್ನು ಬಟ್ಟೆ ಒಗೆಯುವ ಪ್ರಶ್ನೆ ಎಂದುಕೊಂಡ. "ಬಂಡೆ ಇದೆ. ಆದ್ರೆ ಮನೇಲಿ ವಾಷಿಂಗ್ ಮಷಿನ್ನೂ ಇದೆ" ಎಂದ.

ಅವಳು ನಕ್ಕಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವ ನಗೆಯಲ್ಲ, ತಟ್ಟೆ ಕೆಳಗಿಟ್ಟು ನಕ್ಕ ನಗೆ. ಗಿರಿಯ ಕಾಲು ಆ ಕ್ಷಣಕ್ಕೆ ಶುರುವಾದದ್ದು ಟೀಪಾಯಿಯ ಮೇಲಿದ್ದ ಲೋಟಗಳೆಲ್ಲ ಟಿಣಿಟಿಣಿ ಎನ್ನುವವರೆಗೆ ಹೋಯಿತು. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಊಟ ಸೇರುತ್ತಿತ್ತು, ಆದರೆ ಏನು ಊಟ ಮಾಡಿದೆ ಎಂದು ನೆನಪಿರುತ್ತಿರಲಿಲ್ಲ.

ಕಲ್ಲು ಹಾಕಿದವನು ಸೋದರಮಾವ ಬೆಳ್ಳಿಯಪ್ಪ. ಸಂಬಂಧ ತಂದವನೂ ಅವನೇ, ತಲೆನೋವು ತಂದವನೂ ಅವನೇ.

"ಇನ್ನೊಬ್ಬ ಹುಡುಗನ್ನೂ ನೋಡಿದಾರೆ ಮಾರಾಯ. ಚಿಕ್ಕಮಗಳೂರಲ್ಲಿ ಕಾಫಿ ಕ್ಯೂರಿಂಗ್ ಫ್ಯಾಕ್ಟರೀಲಿ ಇದಾನೆ, ಪ್ರಶಾಂತ್ ಅಂತ. ನಿಂಗೂ ಅವನಿಗೂ ಜಾಸ್ತಿ ವ್ಯತ್ಯಾಸ ಇಲ್ಲ. ಅದೇ ಎತ್ತರ, ಅದೇ ಬಿಕಾಂ. ಅವನು ಒಂಚೂರು ಕಪ್ಪು, ಕನ್ನಡಕ ಹಾಕ್ತಾನೆ. ಮಾತು ಕಮ್ಮಿ, ಗಂಭೀರ."

ಗಂಭೀರ ಎನ್ನುವಾಗ ಮಾವ ಗಿರಿಯ ಕಾಲಿನ ಕಡೆ ನೋಡಿದ್ದ.

ಹೆಣ್ಣು ನೋಡುವ ಶಾಸ್ತ್ರ ಮುಗಿದ ಮೇಲೆ ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆ. ನೆಪ ಮನೆಯದ್ದು, ನೋಡುವುದು ಬಾವಿ, ಬಚ್ಚಲು ಮತ್ತು ಅತ್ತೆಯಾಗುವವಳ ಬಾಯಿ. ಹಿರಿಯರು ಬಂದು ಹೋಗುವುದು ರೂಢಿ, ಹುಡುಗಿ ಬರುವುದಿಲ್ಲ. ಆದರೆ ಆ ಭಾನುವಾರ ಗೇಟಿನ ಮುಂದೆ ನಿಂತ ಕಾರಿನಿಂದ ಜಯಪ್ರಕಾಶರ ಹಿಂದೆಯೇ ರಂಜಿತಾ ಇಳಿದಳು. ಕಾರು ಓಡಿಸಿಕೊಂಡು ಬಂದವಳು ಅವಳ ಗೆಳತಿ ಶಬನಂ. ಅವಳಪ್ಪನಿಗೆ ಮೂಡಿಗೆರೆಯಲ್ಲಿ ಗ್ಯಾರೇಜಿದೆ, ಇಬ್ಬರೂ ಒಂದನೇ ಕ್ಲಾಸಿನಿಂದ ಜೊತೆ.

"ಇರೋವಳು ನಾನು, ಮನೆ ನೋಡೋದು ಬೇರೆಯವ್ರಾ ಅಂತ ಹಠ ಮಾಡಿದ್ಲು" ಎಂದು ಜಯಪ್ರಕಾಶ್ ಅರ್ಧ ಸಂಕೋಚದಲ್ಲಿ, ಅರ್ಧ ಹೆಮ್ಮೆಯಲ್ಲಿ ಹೇಳಿದರು.

"ಬರ್ಲಿ ಬಿಡಿ, ಒಳ್ಳೇದೇ ಆಯ್ತು" ಎಂದಳು ಕೃಷ್ಣಮ್ಮ. ಒಳ್ಳೆಯದೋ ಅಲ್ಲವೋ ಅವಳಿನ್ನೂ ತೀರ್ಮಾನಿಸಿರಲಿಲ್ಲ.

ಫೆಬ್ರವರಿಯ ಬಿಸಿಲು. ಅಂಗಳದ ಕಣದಲ್ಲಿ ರೋಬಸ್ಟಾ ಕಾಫಿ ಹಣ್ಣು ಒಣಗುತ್ತ ಹುಳಿ ವಾಸನೆ ಬಿಡುತ್ತಿತ್ತು. ಜಗಲಿಯಲ್ಲಿ ಬೆಳ್ಳಿಯಪ್ಪನೂ ಸೇರಿ ಎಲ್ಲರೂ ಕೂತರು. ಕಾಯಿ ಹೋಳಿಗೆ ಬಂತು, ತುಪ್ಪ ಬಂತು, ಹಲಸಿನ ಹಪ್ಪಳ ಬಂತು. ಗಿರಿಯ ಕಾಲೂ ಬಂತು. ಕೃಷ್ಣಮ್ಮ ಹೋಳಿಗೆ ಬಡಿಸುವ ನೆಪದಲ್ಲಿ ಬಗ್ಗಿ ತಟ್ಟೆಯ ಅಂಚಿನಿಂದ ಮೊಣಕಾಲಿಗೆ ಮೆಲ್ಲಗೆ ಒಂದು ಕೊಟ್ಟಳು. ರಂಜಿತಾ ಅದನ್ನು ನೋಡಿ ಮುಖ ತಿರುಗಿಸಿದಳು. ನಗು ಮುಚ್ಚಿಕೊಳ್ಳಲು ತಿರುಗಿಸಿದ್ದು; ಗಿರಿಗೆ ತಿರುಗಿಸಿದ್ದಷ್ಟೇ ಕಾಣಿಸಿತು.

ಕಾಫಿ ಮುಗಿದದ್ದೇ ತಡ ರಂಜಿತಾ ಎದ್ದಳು. "ನಾವು ಹೊಳೆ ನೋಡ್ಕೊಂಡು ಬರ್ತೀವಿ" ಎಂದು ಬ್ಯಾಗು ಹೆಗಲಿಗೇರಿಸಿ ಶಬನಂಳನ್ನು ಎಳೆದುಕೊಂಡು ಹೊರಟೇಬಿಟ್ಟಳು. ಕೃಷ್ಣಮ್ಮ ಮಗನನ್ನು ಒಳಗೆ ಕರೆದು, "ದಂಡೇಲಿ ಪಾಚಿ ಜಾರ್ತದೆ, ನೀನೂ ಹಿಂದಿಂದ ಹೋಗು. ಹತ್ರ ಹೋಗ್ಬೇಡ, ದೂರಾನೂ ಇರ್ಬೇಡ" ಎಂದಳು. ತಾಯಂದಿರು ಹೇಳುವ ಇಂಥ ಅಳತೆ ಯಾವ ಟೇಪಿನಲ್ಲೂ ಇಲ್ಲ.

ಕಾಫಿ ಗಿಡಗಳ ನಡುವಿನ ಇಳಿಜಾರಿನಲ್ಲಿ ಗಿರಿ ಇಳಿದ. ಹೊಳೆಯ ಪಕ್ಕ ಒಂದು ದೊಡ್ಡ ವಾಟೆ ಬಿದಿರಿನ ಮೆಳೆ. ಅದರ ಆಚೆಗೆ ಹುಡುಗಿಯರ ಬೆನ್ನು ಕಾಣುತ್ತಿತ್ತು. ಒಂದು ಬಂಡೆಗೆ ಒರಗಿ, ತಗ್ಗಿ ಕೂತು, ಪಿಸುದನಿಯಲ್ಲಿ ಮಾತಾಡುತ್ತಿದ್ದರು. ಕೆಮ್ಮಬೇಕು ಎಂದು ಗಿರಿ ಬಾಯಿ ತೆರೆದ. ಅಷ್ಟರಲ್ಲಿ ರಂಜಿತಾಳ ಮಾತು ಕೇಳಿಸಿತು, ತೆರೆದ ಬಾಯಿ ಹಾಗೇ ಉಳಿಯಿತು.

"ಇವ್ನು ಒಂದು ನಿಮಿಷ ಸುಮ್ನಿರಲ್ಲ ನೋಡೇ. ಅಲ್ಲಾಡ್ತಾನೇ ಇರ್ತಾನೆ."

"ಪಾಪ, ಹೆದರಿಕೆ ಇರ್ಬೇಕು" ಎಂದಳು ಶಬನಂ.

"ಹೆದರಿಕೆ ಅಲ್ಲ, ಹುಟ್ಟುಗುಣ. ಭುಜದ ಹತ್ರ ನೋಡು, ಬಿಳಿ ಹೇಗೆ ಇಣುಕ್ತಿದೆ. ಬನಿಯನ್ ಪಟ್ಟಿ ಹೊರಗೆ ಬಂದ ಹಾಗೆ."

ಗಿರಿ ತನ್ನ ಭುಜ ನೋಡಿಕೊಂಡ. ಹೊಸ ಅಂಗಿಯ ಕಾಲರು ಅಗಲವಾಗಿ, ಬನಿಯನ್ನಿನ ಪಟ್ಟಿ ಧಾರಾಳವಾಗಿ ಹೊರಗೆ ಬಂದಿತ್ತು.

"ಇನ್ನೊಬ್ಬನೂ ಹೀಗೇ ಇರ್ತಾನೆ ಅಂದ್ಯಲ್ಲ, ಹೇಗೆ ಗುರುತು ಹಿಡಿಯೋದು?"

"ದೂರದಿಂದ ಇಬ್ರೂ ಒಂದೇ. ಹತ್ರದಿಂದ ನೋಡಿದ್ರೆ ಅವ್ನು ಸ್ವಲ್ಪ ಕಪ್ಪು. ಕಣ್ಣಿನ ಸುತ್ತ ಉಂಗುರ, ಕನ್ನಡಕ ಹಾಕಿದ ಹಾಗೆ. ಅವ್ನೂ ಅಲ್ಲಾಡ್ತಾನೆ, ಆದ್ರೆ ಇಷ್ಟಿಲ್ಲ. ಗಂಭೀರ."

"ನಿಂಗೆ ಯಾರು ಬೇಕಾಗಿದ್ದು?"

"ಅವ್ನೇ ಕಣೇ. ಸಿಗೋದು ಅಪರೂಪ. ಇವ್ನು ಬಿಡು, ಸಾಮಾನ್ಯ. ಎಲ್ಲೆಲ್ಲೂ ಸಿಗ್ತಾನೆ."

ಓದುವವರಿಗೆ ಈಗಾಗಲೇ ಗೊತ್ತಾಗಿರಬಹುದು, ಬಂಡೆಯ ಆಚೆ ಒಂದು ಹಕ್ಕಿ ಇತ್ತು. ಆದರೆ ಗಿರಿಯ ಜಾಗದಲ್ಲಿ ನಿಂತು ನೋಡಿ. ಕನ್ನಡದಲ್ಲಿ ಹಕ್ಕಿಗೆ ಅದು ಎನ್ನುತ್ತೇವೆ, ಆನೆಗೂ ಅದು ಎನ್ನುತ್ತೇವೆ. ಅವನು ಎಂದರೆ ಗಂಡಸೇ ಆಗಬೇಕು. ಹಕ್ಕಿಯನ್ನು ಅವನು, ಇವನು ಎಂದು ಕರೆಯುವ ಹೆಂಗಸು ಗೋಣಿಬೀಡಿನ ಆಸುಪಾಸಿನಲ್ಲಿ ಇದ್ದಾಳೆ ಎಂದು ಅವನು ಹೇಗೆ ಊಹಿಸಬೇಕಿತ್ತು? ಕಪ್ಪು, ಕನ್ನಡಕ, ಗಂಭೀರ. ಬೆಳ್ಳಿಯಪ್ಪ ಮಾವ ಹೇಳಿದ ಮಾತೇ ಒಂದೂ ಬಿಡದೆ ವಾಪಸು ಬಂದಿತ್ತು.

ಗಿರಿ ಸದ್ದಿಲ್ಲದೆ ಹಿಂದಿರುಗಿದ. ಸಾಮಾನ್ಯ ಎಂದದ್ದಕ್ಕೆ ಅವನಿಗೆ ಕೋಪ ಬರಲಿಲ್ಲ, ಅದು ನಿಜವೇ ಅನಿಸಿತು. ಅದಕ್ಕೇ ಹೆಚ್ಚು ನೋವಾಯಿತು. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಅವನೊಂದು ನಿರ್ಧಾರ ಮಾಡಿದ. ಇನ್ನೂ ಮಾತು ಮುಗಿದಿಲ್ಲವಲ್ಲ. ತಾನೂ ಗಂಭೀರನಾಗಬಹುದಲ್ಲ.

ಅವನು ಜಗಲಿಗೆ ಬಂದು ಬನಿಯನ್ ಪಟ್ಟಿ ಒಳಗೆ ತುರುಕಿಕೊಂಡು, ಬಲಗಾಲನ್ನು ಮಡಚಿ ಅದರ ಮೇಲೆಯೇ ಕೂತುಬಿಟ್ಟ. ಅಮ್ಮನ ಕನ್ನಡಕ ಕಿಟಕಿಯಲ್ಲಿತ್ತು. ಅದರ ಕಡೆಗೂ ಒಮ್ಮೆ ಕಣ್ಣು ಹೋಯಿತು. ಒಂದು ಕಡ್ಡಿಗೆ ದಾರ ಕಟ್ಟಿದ್ದರಿಂದ ಮರ್ಯಾದೆ ಉಳಿಯಿತು.

"ಈ ಸಲ ರೋಬಸ್ಟಾ ಫಸಲು ಹೇಗಿದೆ?" ಎಂದು ಜಯಪ್ರಕಾಶ್ ಕೇಳಿದರು.

"ಇದೆ" ಎಂದ ಗಿರಿ.

"ಎಸ್ಟೇಟಲ್ಲಿ ಕೆಲಸ ಜಾಸ್ತಿನಾ?"

"ಹೌದು."

ಜಯಪ್ರಕಾಶ್ ಬೆಳ್ಳಿಯಪ್ಪನ ಮುಖ ನೋಡಿದರು. ಬೆಳ್ಳಿಯಪ್ಪ ಹಪ್ಪಳದ ಮುಖ ನೋಡಿದ. ಅಷ್ಟು ಹೊತ್ತಿಗೆ ಹುಡುಗಿಯರು ಬಂದರು. ರಂಜಿತಾ ಬಂದವಳೇ ಖುಷಿಯಲ್ಲಿ, "ನಿಮ್ಮ ಹೊಳೆ ತುಂಬ ಚೆನ್ನಾಗಿದೆ" ಎಂದಳು.

"ಹ್ಞೂಂ" ಎಂದ ಗಿರಿ, ಗೋಡೆಯ ಕ್ಯಾಲೆಂಡರ್ ನೋಡುತ್ತ.

ರಂಜಿತಾಳ ಮುಖದ ಖುಷಿ ಇಳಿಯಿತು. ಅವಳು ಅವನ ಕಾಲಿನ ಕಡೆ ನೋಡಿದಳು, ಮತ್ತೆ ಮುಖ ನೋಡಿದಳು. ಅಂದು ವಾಷಿಂಗ್ ಮಷಿನ್ ಎಂದವನು ಇವನೇನಾ ಎಂದು ಹುಡುಕುವ ಹಾಗಿತ್ತು ಆ ನೋಟ. ಗಿರಿಗೆ ಕಾಲು ಜೋಮು ಹಿಡಿದು, ಸೊಂಟದಿಂದ ಕೆಳಗೆ ತನಗೆ ಸೇರಿದ್ದು ಏನೂ ಇಲ್ಲ ಅನ್ನಿಸುತ್ತಿತ್ತು. ಹುಡುಗನಿಗೆ ಮನಸ್ಸಿಲ್ಲ ಎಂದು ಜಯಪ್ರಕಾಶ್ ತೀರ್ಮಾನಿಸಿದರು. ಮೊದಲ ಸಲ ಕುಣಿಯುತ್ತಿದ್ದ ಹುಡುಗ ಈಗ ಕಂಬವಾಗಿದ್ದಾನೆಂದರೆ ಇನ್ನೇನು ಅರ್ಥ?

ಅವರು ಎದ್ದು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. "ಹಾಗಾದ್ರೆ ಬರ್ತೀವಿ. ಮನೆಗೆ ಹೋಗಿ ತಿಳಿಸ್ತೀವಿ."

ಕೃಷ್ಣಮ್ಮನ ಕೈಯಲ್ಲಿದ್ದ ಕುಂಕುಮದ ತಟ್ಟೆ ಅಲ್ಲೇ ನಿಂತಿತು. ಗಿರಿಯ ಕಿವಿಯಲ್ಲಿ ಆ ಒಂದು ಶಬ್ದ ಬಿಟ್ಟರೆ ಇನ್ನೇನೂ ಇರಲಿಲ್ಲ.

ಕಾರಿನವರೆಗೆ ಕಳಿಸಿಕೊಡುವುದು ಮರ್ಯಾದೆ. ಗಿರಿ ಕುಂಟುತ್ತ ಹಿಂದೆ ಬಂದ. ಶಬನಂ ಕಾರು ಸ್ಟಾರ್ಟ್ ಮಾಡಿದಳು. ರಂಜಿತಾ ಬಾಗಿಲಿಗೆ ಕೈ ಹಾಕಿದಳು. ಆಗ ಗಿರಿಗೆ ಒಂದು ವಿಷಯ ಹೊಳೆಯಿತು: ಗಂಭೀರನಾದರೂ ಸಂಬಂಧ ಕೈತಪ್ಪುವುದಾದರೆ, ತಾನು ತಾನಾಗಿದ್ದೇ ತಪ್ಪಲಿ.

"ಒಂದು ನಿಮಿಷ" ಎಂದ. "ನೀವು ಹೊಳೆ ಹತ್ರ ಮಾತಾಡಿದ್ದು ಕೇಳಿಸ್ಕೊಂಡೆ. ಬೇಕು ಅಂತ ಅಲ್ಲ, ಅಮ್ಮ ಕಳಿಸಿದ್ರು. ನೀವು ಹೇಳಿದ್ದು ಸರಿ. ನಾನು ಸಾಮಾನ್ಯದವನೇ. ಎಲ್ಲೆಲ್ಲೂ ಸಿಗೋವನೇ. ಅಲ್ಲಾಡೋದನ್ನ ನಿಲ್ಲಿಸೋಣ ಅಂತ ಕಾಲಿನ ಮೇಲೆ ಕೂತು ನೋಡಿದೆ, ಅರ್ಧ ಗಂಟೇನೂ ಆಗ್ಲಿಲ್ಲ. ಆ ಪ್ರಶಾಂತ್ ಅವ್ರು ಒಳ್ಳೆಯವ್ರೇ ಇರ್ಬಹುದು. ಆದ್ರೆ ನೀವು ಅವತ್ತು ನಕ್ಕಿದ್ದು ನಂಗೆ ತುಂಬ ಇಷ್ಟ ಆಗಿತ್ತು. ಅದನ್ನ ಹೇಳ್ದೆ ಕಳಿಸಿದ್ರೆ ಆಮೇಲೆ ನಂಗೇ ಕಷ್ಟ."

ಇಷ್ಟು ಉದ್ದದ ಮಾತನ್ನು ಅವನು ಜನ್ಮದಲ್ಲಿ ಯಾವ ಹೆಂಗಸಿಗೂ ಹೇಳಿರಲಿಲ್ಲ.

ರಂಜಿತಾ ಬಾಗಿಲು ಹಿಡಿದುಕೊಂಡೇ ನಿಂತಳು. "ಯಾವ ಪ್ರಶಾಂತ್? ನಾನು ಹೊಳೆ ಹತ್ರ ಪ್ರಶಾಂತ್ ಅವ್ರ ಮಾತೇ ಆಡ್ಲಿಲ್ಲ."

"ಕಪ್ಪು, ಕಣ್ಣಿಗೆ ಕನ್ನಡಕ, ಗಂಭೀರ. ಅವ್ನೇ ಬೇಕು ಅಂದ್ರಿ. ಇವ್ನು ಬಿಡು ಅಂದ್ರಿ."

ಕಾರಿನೊಳಗೆ ಎಂಜಿನ್ ನಿಂತಿತು. ಶಬನಂ ಸ್ಟಿಯರಿಂಗಿಗೆ ಹಣೆ ಒತ್ತಿ ನಗುತ್ತಿದ್ದಳು. ಹಾರ್ನ್ ಒಮ್ಮೆ ತಾನಾಗಿಯೇ ಕೂಗಿತು. "ಇವಳಿಗೆ ಹೇಳಿ ಹೇಳಿ ಸಾಕಾಯ್ತು, ಹಕ್ಕೀನ ಅವ್ನು ಇವ್ನು ಅನ್ಬೇಡ ಕಣೇ ಅಂತ" ಎಂದಳು.

"ಹಕ್ಕಿ?" ಎಂದ ಗಿರಿ.

ರಂಜಿತಾ ಬ್ಯಾಗಿನಿಂದ ದುರ್ಬೀನು ತೆಗೆದಳು. ಅವಳ ಕಿವಿ ಕೆಂಪಾಗಿತ್ತು. "ಬನ್ನಿ" ಎಂದು ಗುಡ್ಡ ಇಳಿಯತೊಡಗಿದಳು. ಹಿಂದೆ ಗಿರಿ, ಅವನ ಹಿಂದೆ ಶಬನಂ, ಏನೋ ಆಗಿದೆ ಎಂದು ಜಯಪ್ರಕಾಶ್, ಏನಾಗಿದೆ ಎಂದು ಬೆಳ್ಳಿಯಪ್ಪ, ಕೊನೆಗೆ ಕುಂಕುಮದ ತಟ್ಟೆ ಹಿಡಿದುಕೊಂಡೇ ಕೃಷ್ಣಮ್ಮ. ಮನೆ ನೋಡಲು ಬಂದವರು ಹೀಗೆ ಸಾಲಾಗಿ ಹೊಳೆಗೆ ಇಳಿದದ್ದನ್ನು ಆ ಊರು ಅದಕ್ಕೂ ಮೊದಲು ಕಂಡಿರಲಿಲ್ಲ.

ಬಂಡೆಯ ಹತ್ತಿರ ರಂಜಿತಾ ಎಲ್ಲರನ್ನೂ ತಗ್ಗಿ ಕೂರಿಸಿದಳು. ದುರ್ಬೀನನ್ನು ಗಿರಿಯ ಕೈಗೆ ಕೊಟ್ಟಳು. ನೀರಿನ ನಡುವಿನ ಕಲ್ಲಿನ ಮೇಲೆ ಕಂದು ಬೆನ್ನಿನ, ಬಿಳಿ ಹೊಟ್ಟೆಯ ಸಣ್ಣ ಹಕ್ಕಿಯೊಂದು ಓಡಾಡುತ್ತಿತ್ತು. ಎರಡು ಹೆಜ್ಜೆ ಇಡುವುದು, ಹಿಂಭಾಗ ಕುಣಿಸುವುದು; ಹುಳ ಹೆಕ್ಕುವುದು, ಮತ್ತೆ ಕುಣಿಸುವುದು. ಭುಜದ ಮುಂದೆ ಬಿಳಿ ಬಣ್ಣ ಮೇಲಕ್ಕೆ ಇಣುಕುತ್ತಿತ್ತು.

"ಇದಾ? ಇದು ನಮ್ಮ ಕುಂಡೆ..." ಎಂದು ಶುರುಮಾಡಿದ ಗಿರಿ, ಭಾವಿ ಮಾವನವರ ನೆನಪಾಗಿ ಉಳಿದರ್ಧವನ್ನು ನುಂಗಿಕೊಂಡ.

"ಕುಂಡೆಕುಸ್ಕ ಬೇರೆ" ಎಂದಳು ರಂಜಿತಾ ನಿರಾಳವಾಗಿ. "ಇವ್ನು ಗೊರವ. ಸಾಮಾನ್ಯ ಅಂದಿದ್ದು ಬೈಗಳ ಅಲ್ಲ, ಪುಸ್ತಕದಲ್ಲಿ ಇವನ ಹೆಸರೇ ಹಾಗೆ, ಸಾಮಾನ್ಯ ಗೊರವ. ಇನ್ನೊಬ್ಬ ಹಸಿರು ಗೊರವ. ಹೆಸರಿಗೆ ಹಸಿರು, ನೋಡೋಕೆ ಕಪ್ಪು. ಅವನನ್ನ ನಾನು ಇನ್ನೂ ಕಂಡಿಲ್ಲ. ಈ ಹೊಳೇಲಿ ಇರ್ಬಹುದು ಅಂತ ಅವತ್ತು ಬಂಡೆ ಇದ್ಯಾ ಅಂತ ಕೇಳಿದ್ದು."

"ನಾನು ಬಟ್ಟೆಗೆ ಅಂದ್ಕೊಂಡೆ."

"ಗೊತ್ತು."

ಬೆಳ್ಳಿಯಪ್ಪನಿಗೆ ಕೂತು ಕೂತು ಮೊಣಕಾಲು ನೋಯುತ್ತಿತ್ತು. ಅವನು ಅತ್ತಿತ್ತ ಸರಿದಾಗ ಒಂದು ಕಲ್ಲು ಉರುಳಿ, ಪಕ್ಕದ ಸಣ್ಣ ಹಳ್ಳ ಹೊಳೆಗೆ ಸೇರುವ ಕಡೆ ನೆರಳಿನಿಂದ ಏನೋ ಚಿಮ್ಮಿತು. ಕಪ್ಪು ರೆಕ್ಕೆ, ಸೊಂಟದ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ. ಕೀರಲು ದನಿಯಲ್ಲಿ ಕೂಗುತ್ತ, ವಾಟೆ ಮೆಳೆಯ ಮೇಲಿಂದ ಎತ್ತರಕ್ಕೆ ಏರಿ, ಆಚೆ ತೋಟದ ಸಿಲ್ವರ್ ಓಕ್ ಮರಗಳ ಹಿಂದೆ ಮರೆಯಾಯಿತು.

"ಅವ್ನೇ" ಎಂದಳು ರಂಜಿತಾ. ಅವಳ ಕಣ್ಣು ತುಂಬಿಬಂದಿತ್ತು. "ಇಷ್ಟು ಹೊತ್ತೂ ಇಲ್ಲೇ ಇದ್ದ."

"ಹೋದನಲ್ಲ" ಎಂದ ಗಿರಿ. ಅವನಿಗೆ ನಿಜಕ್ಕೂ ಬೇಸರವಾಗಿತ್ತು. ಪ್ರಶಾಂತನ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಕರಗಿ, ಹಕ್ಕಿ ಇನ್ನೊಂದು ಗಳಿಗೆ ನಿಲ್ಲಬಾರದಿತ್ತೇ ಅನ್ನಿಸುತ್ತಿತ್ತು.

"ಅವ್ನು ಹಾಗೇ. ಬರೋದು ಗೊತ್ತಾಗಲ್ಲ, ಹೋಗುವಾಗ ಮಾತ್ರ ಕಾಣ್ತಾನೆ. ಇವನನ್ನ ನೋಡಿ." ಅವಳು ನೀರಿನ ನಡುವಿನ ಕಲ್ಲು ತೋರಿಸಿದಳು. "ಮಳೆ ಕಮ್ಮಿ ಆಗೋದೇ ತಡ ಬಂದುಬಿಡ್ತಾನೆ. ಉಳಿದವ್ರೆಲ್ಲ ಹೋದ್ರೂ ಇರ್ತಾನೆ. ಯಾವ ಹೊಳೆಗೆ ಹೋದ್ರೂ ಯಾವ್ದಾದ್ರೂ ಕಲ್ಲಿನ ಮೇಲೆ ಒಬ್ಬ ಹೀಗೆ ಅಲ್ಲಾಡ್ತಾ ಇರ್ತಾನೆ. ನಂಗೆ ಮನಸ್ಸು ಸರಿ ಇಲ್ಲದಾಗೆಲ್ಲ ಇವನನ್ನ ನೋಡೋಕೇ ಹೋಗೋದು."

ಗಿರಿ ಮೆಲ್ಲಗೆ ಕೇಳಿದ: "ಮತ್ತೆ ಪ್ರಶಾಂತ್?"

"ಅವ್ರನ್ನ ನಾನು ಅವ್ರು ಅಂತೀನಿ. ಗೌರವ ಕೊಟ್ಟೇ, ಹೋದ ವಾರ ಬೇಡ ಅಂತ ಹೇಳಿ ಕಳಿಸಿ ಆಯ್ತು. ನಿಮ್ಮ ಮಾವ ಹೇಳ್ಲಿಲ್ವಾ?"

ಎಲ್ಲರೂ ಬೆಳ್ಳಿಯಪ್ಪನ ಕಡೆ ತಿರುಗಿದರು. "ಹುಡುಗ ಸ್ವಲ್ಪ ಹುಷಾರಾಗಿರ್ಲಿ ಅಂತ ಮಾರಾಯ" ಎಂದು ಅವನು ಮೊಣಕಾಲು ಉಜ್ಜಿಕೊಂಡ.

ಜಯಪ್ರಕಾಶರಿಗೆ ಹಕ್ಕಿಯ ವಿಷಯ ಅರ್ಧ ಅರ್ಥವಾಗಿತ್ತು, ಹುಡುಗನ ವಿಷಯ ಪೂರ್ತಿ ಅರ್ಥವಾಗಿತ್ತು. ಆದರೂ ತಂದೆಯಾದವನು ಕೇಳಬೇಕಾದ್ದನ್ನು ಕೇಳಬೇಕಲ್ಲ. "ಏನಮ್ಮ, ಇವ್ರಿಗೆ ಏನಂತ ತಿಳಿಸ್ಲಿ?" ಎಂದರು.

ರಂಜಿತಾ ಹೊಳೆಯ ಕಡೆಗೇ ಮುಖ ಮಾಡಿ ಕೂತಿದ್ದಳು. "ತಿಳಿಸೋದೆಂಥದು ಅಪ್ಪ" ಎಂದಳು. "ನಂಗೆ ಇವ್ನೇ ಸಾಕು."

ಕೃಷ್ಣಮ್ಮ ಬೆಚ್ಚಿಬಿದ್ದಳು. ಗಂಡನಾಗುವವನಿಗೆ, ಅದೂ ಅತ್ತೆಯ ಎದುರು, ಇವ್ನು ಅನ್ನುವುದುಂಟೇ? ಹಕ್ಕಿಗೇ ಅಂದದ್ದಿರಬೇಕು ಎಂದು ಸಮಾಧಾನ ಮಾಡಿಕೊಂಡು ಅವಳು ನೀರಿನ ನಡುವಿನ ಕಲ್ಲಿನ ಕಡೆ ನೋಡಿದಳು. ಕಲ್ಲು ಖಾಲಿಯಿತ್ತು, ಹಕ್ಕಿ ಯಾವಾಗಲೋ ನೀರಿಗೆ ತಾಗುವ ಹಾಗೆ ಹಾರಿ ಆಚೆ ದಡ ಸೇರಿತ್ತು.

ಈಚೆ ದಡದ ಬಂಡೆಯ ಮೇಲೆ ಗಿರಿ ಕೂತಿದ್ದ. ಅವನ ಬನಿಯನ್ ಪಟ್ಟಿ ಮತ್ತೆ ಹೊರಗೆ ಬಂದಿತ್ತು. ಬಲಗಾಲು ಕುಣಿಯುತ್ತಿತ್ತು, ಹುಟ್ಟಿದಾಗಿನಿಂದ ಕುಣಿಯದಷ್ಟು ಜೋರಾಗಿ. ಕೃಷ್ಣಮ್ಮನ ಕೈ ರೂಢಿಯಂತೆ ಅವನ ಮೊಣಕಾಲಿನವರೆಗೆ ಹೋಯಿತು, ಹೊಡೆಯಲಿಲ್ಲ. ಅವಳು ಬಗ್ಗಿ ರಂಜಿತಾಳ ಹಣೆಗೆ ಕುಂಕುಮವಿಟ್ಟು, "ಎಲ್ರೂ ಮನೆಗೆ ಬನ್ನಿ, ಇನ್ನೊಂದು ಲೋಟ ಕಾಫಿ ಕುಡಿಯೋಣ" ಎಂದಳು.